ಶುಶ್ರೂಷೆಯ ಅರ್ಥ

'ಶುಶ್ರೂಷೆ' ಎಂಬ ಶಬ್ದವನ್ನು ನಾವು ದಿನನಿತ್ಯ ಬಳಸುತ್ತೇವೆ. ರೋಗಿಗೆ ಔಷಧ ಕೊಡುವುದು, ವೃದ್ಧರಿಗೆ ಉಣಿಸಿ, ಮೈತೊಳೆದು ಮಲಗಿಸುವುದು, ಇವೆಲ್ಲವೂ ಶುಶ್ರೂಷೆಯೆನಿಸಿಕೊಂಡಿವೆ. ಆದರೆ ಈ ಶಬ್ದದ ಮೂಲ ಧಾತು 'ಶ್ರು', ಅಂದರೆ ಕೇಳು ಎಂಬುದು. ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ. ಗುರುವಿನ ಮಾತನ್ನು ಕೇಳಬಯಸಿದ ಶಿಷ್ಯನು ಅವನ ಸಮೀಪದಲ್ಲಿದ್ದು ಸೇವೆ ಮಾಡುತ್ತಿದ್ದುದರಿಂದ ಕಾಲಕ್ರಮದಲ್ಲಿ ಆ ಸೇವೆಗೇ ಈ ಹೆಸರು ನಿಂತಿತು. ಹೆಸರೇನೋ ಉಳಿಯಿತು. ಕೇಳುವ ಇಚ್ಛೆ ಉಳಿದಿದೆಯೆ ಎಂಬುದನ್ನು ನಾವೆಲ್ಲರೂ ಆತ್ಮಶೋಧನೆ ಮಾಡಿಕೊಳ್ಳಬೇಕಾಗಿದೆ.

ನಾವು ಮಠದಲ್ಲಿ ಮರಿಯಾಗಿದ್ದ ಕಾಲದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಪೂಜ್ಯ ಹಿರಿಯರು ತಮ್ಮ ಕೊನೆಯ ವರ್ಷಗಳಲ್ಲಿ ನಡೆಯಲಾರದಾದರು. ಅವರ ಸೇವೆಗೆ ಆರು ಮಂದಿ ಶಿಷ್ಯರಿದ್ದೆವು. ಹೊತ್ತುಹೊತ್ತಿಗೆ ಪ್ರಸಾದ, ಹೊತ್ತುಹೊತ್ತಿಗೆ ದರ್ಶನ. ದಿಂಬಿಗೆ ಒರಗಿಸಿ ಪೀಠದಲ್ಲಿ ಕೂರಿಸಿದರೆ ಗಂಟೆಗಟ್ಟಲೆ ಹಾಗೆಯೇ ಇರುವರು. ಅವರ ಮೈಯನ್ನು ಹೊರಳಿಸುವುದು, ಬೆನ್ನಿನ ವಸ್ತ್ರವನ್ನು ಸರಿಸಿ ನೋಡುವುದು ಅಪಚಾರವೆಂದು ನಮ್ಮ ಭಾವನೆ. ಒಮ್ಮೆ ದರ್ಶನಕ್ಕೆ ಬಂದ ನಿವೃತ್ತ ದಾದಿಯೊಬ್ಬರು ಶ್ರೀಗಳ ಮುಖವನ್ನು ಒಂದು ಕ್ಷಣ ದಿಟ್ಟಿಸಿ, ''ಬುದ್ಧೀ, ಎಲ್ಲಿ ನೋಯುತ್ತದೆ?'' ಎಂದು ಕೇಳಿದರು. ಶ್ರೀಗಳು ಮಾತನಾಡದೆ ಸೊಂಟದ ಕೆಳಭಾಗವನ್ನು ತೋರಿಸಿದರು. ನೋಡಿದರೆ ರೂಪಾಯಿ ನಾಣ್ಯದಷ್ಟು ಅಗಲದ ಹುಣ್ಣು! ನಾಲ್ಕು ತಿಂಗಳಿಂದ ಪಾದಪೂಜೆ ಮಾಡುತ್ತಿದ್ದ ನಮಗೆ ಅದು ತಿಳಿದಿರಲಿಲ್ಲ. ''ಯಾಕೆ ಹೇಳಲಿಲ್ಲ ಬುದ್ಧೀ?'' ಎಂದು ನಾವು ಅತ್ತಾಗ ಅವರು, ''ನೀವು ಕೇಳಲಿಲ್ಲ'' ಎಂದಷ್ಟೇ ಹೇಳಿದರು. ನಮ್ಮಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ವಿವೇಕಕ್ಕೆ.

ಆ ತಾಯಿ ನಮಗೆ ಕಲಿಸಿದ್ದು ಸರಳವಾದುದು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯಬಾರದು, ಎತ್ತಿ ಸರಿಸಬೇಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಬೇಕು. ಹಾಸಿಗೆ ಒಣಗಿರಬೇಕು. ಕೆಂಪಾದ ಚರ್ಮವನ್ನು ಬೆರಳಿನಿಂದ ಒತ್ತಿದಾಗ ಅದು ಬಿಳಿಚಿಕೊಳ್ಳದಿದ್ದರೆ ಹುಣ್ಣಿಗೆ ಮೊದಲಾಯಿತೆಂದೇ ತಿಳಿಯಬೇಕು. ಅಲ್ಲಿ ನಾವು ಎಣ್ಣೆ ಹಾಕಿ ತಿಕ್ಕುತ್ತಿದ್ದೆವು; ಅದರಿಂದ ಹಾನಿಯೇ ಹೆಚ್ಚು. ಹಾಲು, ಮೊಸರು, ಬೇಳೆಗಳನ್ನು ಹೆಚ್ಚಿಸಿದೆವು. ಮೂರು ತಿಂಗಳಲ್ಲಿ ಗಾಯ ಮಾಯಿತು.

ಮುಪ್ಪು ರೋಗವಲ್ಲ, ದೇಹದ ಸಹಜಧರ್ಮ. ಆದರೆ ಅದರ ರೀತಿಯನ್ನು ತಿಳಿಯದವರ ಸೇವೆ ಕುರುಡಾಗುತ್ತದೆ. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಸ್ನಾಯುಗಳು ಕರಗುತ್ತವೆ. ಬಾಯಾರಿಕೆಯ ಅರಿವು ಕುಂದುವುದರಿಂದ, ನೀರು ಬೇಕೆಂದು ಅವರು ಕೇಳುವವರೆಗೆ ಕಾಯುವಂತಿಲ್ಲ. ಎದ್ದೊಡನೆ ರಕ್ತದ ಒತ್ತಡ ಇಳಿದು ತಲೆ ತಿರುಗಿ ಬೀಳುವುದುಂಟು. ಕಿವಿಗೆ ಮೊದಲು ತಪ್ಪುವುದು ಉಚ್ಚಸ್ವರದ ಧ್ವನಿಗಳು. ಆದುದರಿಂದ ಅರಚುವುದಕ್ಕಿಂತ ಎದುರಿಗೆ ಕುಳಿತು ನಿಧಾನವಾಗಿ, ತಗ್ಗಿದ ದನಿಯಲ್ಲಿ ಆಡಿದ ಮಾತು ಅವರಿಗೆ ಸೇರುತ್ತದೆ. ಇನ್ನೂ ಒಂದು ಮಾತು. ನಿನ್ನೆಯವರೆಗೆ ಚೆನ್ನಾಗಿದ್ದ ಅಜ್ಜಿ ಇಂದು ಹಠಾತ್ತನೆ ಏನೇನೋ ಬಡಬಡಿಸಿದರೆ 'ಅರಳು ಮರಳು' ಎಂದು ತಳ್ಳಿಹಾಕುವುದು ನಮ್ಮ ರೂಢಿ. ಮೂತ್ರದ ಅಥವಾ ಶ್ವಾಸಕೋಶದ ಸೋಂಕು ಮುಪ್ಪಿನಲ್ಲಿ ಜ್ವರವಿಲ್ಲದೆಯೇ ಹೀಗೆ ತಲೆದೋರಬಹುದು. ಹೊಸ ಮಾತ್ರೆಯೂ ಕಾರಣವಾಗಿರಬಹುದು. ಅದು ಚಿಕಿತ್ಸೆಗೆ ಒಳಪಡುವ ಸ್ಥಿತಿ. ಅಂದೇ ವೈದ್ಯರಿಗೆ ತೋರಿಸುವುದು ಕರ್ತವ್ಯ.

ಅಲಕ್ಷ್ಯವು ತಪ್ಪೆಂದು ಎಲ್ಲರೂ ಬಲ್ಲರು. ಅತಿಸೇವೆಯೂ ತಪ್ಪೆಂಬುದನ್ನು ಬಲ್ಲವರು ವಿರಳ. 1935ರಲ್ಲಿ ಇಂಗ್ಲೆಂಡಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವೈದ್ಯೆ ಮಾರ್ಜರಿ ವಾರೆನ್ ಅವರ ಹೊಣೆಗೆ ಪಕ್ಕದ ಬಡವರ ಚಿಕಿತ್ಸಾಲಯದ 700ಕ್ಕೂ ಹೆಚ್ಚು ರೋಗಿಗಳು ಬಂದರು. ಹಲವರು ಬಹುಕಾಲದಿಂದ ಹಾಸಿಗೆಯಲ್ಲೇ ಇದ್ದವರು, ಗುಣವಾಗದವರೆಂದು ಬಿಡಲ್ಪಟ್ಟವರು. ಆಕೆ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ಎಬ್ಬಿಸಿ ಕೂರಿಸಿ, ನಡೆಯುವ ಅಭ್ಯಾಸ ಮಾಡಿಸಿದರು. ಅನೇಕರು ಎದ್ದು ಮನೆಗೆ ಹೋದರು. ಹಾಸಿಗೆಯೇ ಅವರ ರೋಗಕ್ಕೆ ಒಂದು ಕಾರಣವಾಗಿತ್ತು! ವೃದ್ಧರ ವೈದ್ಯಶಾಸ್ತ್ರಕ್ಕೆ ಆಕೆಯನ್ನು ತಾಯಿಯೆಂದು ಗೌರವಿಸುವುದು ಇದಕ್ಕಾಗಿಯೇ. ತಾನೇ ಉಣ್ಣಬಲ್ಲ ಮುದುಕನ ಕೈಯಿಂದ ತುತ್ತನ್ನು ಕಸಿದು ಬಾಯಿಗಿಡುವುದು ಪ್ರೀತಿಯಂತೆ ಕಂಡರೂ ಅದು ಅವನ ಕೈಯನ್ನೇ ಕಸಿದಂತೆ. ಕಾಯಕವೆಂಬ ತತ್ತ್ವಕ್ಕೆ ವಯಸ್ಸಿನ ಮಿತಿಯಿಲ್ಲ. ಅಕ್ಕಿ ಆರಿಸುವುದು, ಬತ್ತಿ ಹೊಸೆಯುವುದು, ಮೊಮ್ಮಗುವಿಗೆ ಕಥೆ ಹೇಳುವುದು, ಇವೂ ಕಾಯಕಗಳೇ. ನಿಧಾನವಾಗಲಿ, ಅರ್ಧ ಚೆಲ್ಲಲಿ. ಕಾದುಕೊಂಡಿರುವ ತಾಳ್ಮೆಯೇ ಸೇವೆ.

ಇನ್ನು ಈ ಸೇವೆಯನ್ನು ಮಾಡುವ ಕೈಗಳು ಯಾರವು? ಈ ಪ್ರಶ್ನೆಯನ್ನು ಧರ್ಮಪೀಠಗಳು ಹೆಚ್ಚಾಗಿ ಕೇಳಿಲ್ಲ, ನಾವೂ ಕೇಳಿರಲಿಲ್ಲ. ತಂದೆತಾಯಿಗಳನ್ನು ದೇವರೆಂದು ಕಾಣಿರೆಂದು ಮಗನಿಗೆ ಉಪದೇಶಿಸಿದೆವು. ರಾತ್ರಿ ಮೂರು ಬಾರಿ ಎದ್ದು ಹಾಸಿಗೆ ಬದಲಿಸಿದವಳು ಸೊಸೆ. 2011ರ ಜನಗಣತಿಯಲ್ಲಿಯೇ ನಮ್ಮ ದೇಶದಲ್ಲಿ ಅರುವತ್ತು ದಾಟಿದವರು ಹತ್ತು ಕೋಟಿಗೂ ಮಿಕ್ಕಿದ್ದರು. 2007ರಲ್ಲಿ ಸಂಸತ್ತು ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಕಾಯಿದೆ ಮಾಡಿದಾಗ 'ಮಕ್ಕಳು' ಎಂಬುದಕ್ಕೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂದು ಅರ್ಥ ಹೇಳಿತು. ಅಲ್ಲಿ ಸೊಸೆಯ ಹೆಸರಿಲ್ಲ. ಕಾಯಿದೆಯು ಹೊರಿಸದ ಭಾರವನ್ನು ಮನೆ ಅವಳೊಬ್ಬಳ ಮೇಲೆಯೇ ಹೊರಿಸಿದೆ. ಒಬ್ಬಳ ಬೆನ್ನು ಮುರಿಯುವ ಸೇವೆಯ ಪುಣ್ಯವನ್ನು ಇನ್ನೊಬ್ಬರು ಹಂಚಿಕೊಳ್ಳುವುದು ಯಾವ ಧರ್ಮ?

ದೂರದ ನಗರದಲ್ಲಿ, ಹೊರದೇಶದಲ್ಲಿ ಇರುವ ಮಕ್ಕಳು ಸಂಬಳ ಕೊಟ್ಟು ದಾದಿಯನ್ನು ಇಡುತ್ತಾರೆ. ಇದನ್ನು ಹಳಿಯುವವರಿದ್ದಾರೆ. ನಾವು ಹಳಿಯಲಾರೆವು. ಬಲ್ಲವರ ಕೈ ಅರಿಯದವರ ಕಣ್ಣೀರಿಗಿಂತ ಮೇಲೆಂಬುದನ್ನು ನಮ್ಮ ಮಠದಲ್ಲಿಯೇ ಕಂಡಿದ್ದೇವೆ. ಸಂಬಳಕ್ಕೆ ಮಾಡಿದ ಮಾತ್ರಕ್ಕೆ ಆಕೆಯ ಕಾಯಕ ಕೀಳಲ್ಲ. ಆಕೆಗೆ ನ್ಯಾಯವಾದ ವೇತನ, ವಿಶ್ರಾಂತಿ, ಮರ್ಯಾದೆ ಸಲ್ಲಬೇಕು. ಆದರೆ ಒಂದು ಪಾಲು ಮಾತ್ರ ಮತ್ತೊಬ್ಬರಿಗೆ ವಹಿಸಿಕೊಡಲಾಗದು. ತಂದೆಯು ಹತ್ತನೆಯ ಸಲ ಹೇಳುವ ಅದೇ ಕಥೆಯನ್ನು ಕೇಳುವುದು, ತಾಯಿಯು ಹೇಳದೆ ನುಂಗಿದ ನೋವನ್ನು ವಿಚಾರಿಸುವುದು, ಇದು ಮಕ್ಕಳ ಪಾಲು.

ಸದ್ಭಕ್ತರೂ ಮಠದ ಹಳೆಯ ವಿದ್ಯಾರ್ಥಿಗಳೂ ಈ ಲೇಖನವನ್ನು ಓದಿ ಮುಗಿಸಿದ ಮೇಲೆ ತಮ್ಮ ಮನೆಯ ಹಿರಿಯರ ಬಳಿ ಅರ್ಧ ಗಂಟೆ ಕುಳಿತುಕೊಳ್ಳಲಿ. ಎಲ್ಲಿ ನೋಯುತ್ತದೆ, ಏನು ಬೇಕು ಎಂದು ಕೇಳಲಿ. ಅನಂತರ ಅವರ ಸೇವೆ ಮಾಡುತ್ತಿರುವವರನ್ನೂ ಅದೇ ಪ್ರಶ್ನೆ ಕೇಳಲಿ. ನಮ್ಮ ಗುರುಗಳು ಅಂದು ಹೇಳಿದ ಎರಡು ಪದಗಳು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಅಂಥ ಉತ್ತರವನ್ನು ಕೇಳುವ ದುಃಖ ನಿಮಗೆ ಬಾರದಿರಲಿ.