ಕಾವಿಗೆ ಕೂತ ಕೋಳಿಯ ಹಕ್ಕು

ನಮ್ಮ ಆಳಂದದಲ್ಲಾಗಲಿ, ಭೀಮಾ ದಂಡೆಯ ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಾಗಲಿ ಬಾತುಕೋಳಿ ಸಾಕುವ ಮನೆಗಳು ಕಡಿಮೆಯೇ. ಸಾಕಿದವರಿಗೆ ಒಂದು ಸಂಗತಿ ಗೊತ್ತು: ಸಾಕುಬಾತುಗಳು ಬಹುಮಟ್ಟಿಗೆ ಕಾವಿಗೆ ಕೂರುವುದಿಲ್ಲ. ಅವುಗಳ ತತ್ತಿಗಳನ್ನು ಜವಾರಿ ಕೋಳಿಯ ಅಡಿ ಇಡಬೇಕು.

"ಇದು ಕೋಳಿಗೆ ಮಾಡುವ ಮೋಸವಲ್ಲವೇ ಉಸ್ತಾದ್?" ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಅಲ್ಲವೆಂದುಬಿಟ್ಟೆ. ಅವಸರವಾಯಿತು.

ತತ್ತಿ ಯಾರದೆಂದು ಕೋಳಿ ಕೇಳುವುದಿಲ್ಲ. ಆ ಮಮತೆಯನ್ನು ಅದರಲ್ಲಿಟ್ಟವನು ಅಲ್ಲಾಹನು. ಅದನ್ನು ಉಪಯೋಗಿಸಿಕೊಳ್ಳುವುದು ಪಾಪವೆಂದು ನಾನು ಹೇಳಲಾರೆ. ಆದರೆ ಲೆಕ್ಕ ನೋಡಿರಿ. ಕೋಳಿಯ ತತ್ತಿ 21 ದಿನಕ್ಕೆ ಒಡೆದರೆ ಬಾತಿನದು 28 ದಿನಕ್ಕೆ. ಕಾವಿನ ಕೋಳಿ ದಿನಕ್ಕೊಮ್ಮೆ ಎದ್ದು, ನಾಲ್ಕು ಕಾಳು ತಿಂದು ಮರಳುತ್ತದೆ, ಮೈ ಇಳಿಯುತ್ತದೆ. ಹೆಚ್ಚಿನ ಆ 7 ದಿನ ನಾವು ಅದರಿಂದ ಪಡೆದ ಸಾಲ. ಬುಟ್ಟಿಯ ಪಕ್ಕದಲ್ಲಿ ಜೋಳ, ನೀರು ಇಟ್ಟಿದ್ದೀರಾ? ಬೆಕ್ಕನ್ನು ಕೂಡಿಹಾಕಿ ಉಪವಾಸ ಕೆಡವಿದ ಹೆಂಗಸು ಶಿಕ್ಷೆಗೊಳಗಾದುದನ್ನು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಮರಿಗಳಿಗಾಗಿ ರೆಕ್ಕೆ ಬಡಿಯುತ್ತಿದ್ದ ಹಕ್ಕಿಯನ್ನು ಕಂಡು, ಅವನ್ನು ಹಿಂದಿರುಗಿಸಿರೆಂದು ಸಹಾಬಿಗಳಿಗೆ ಆಜ್ಞಾಪಿಸಿದ್ದು ಅಬೂದಾವೂದ್‌ನಲ್ಲಿದೆ.

ಮರಿಗಳು ನೀರಿಗಿಳಿದಾಗ ಕೋಳಿ ದಂಡೆಯಲ್ಲಿ ಕೂಗುತ್ತ ಓಡಾಡುತ್ತದೆ. ನೋಡಿದವರು ನಗುತ್ತಾರೆ. ನಗಬೇಡಿರಿ. ತಾಯಿಬಾತಿನ ಗರಿಯ ಎಣ್ಣೆ ತಾಗದ ಎಳೆಮರಿಗಳು ನೀರಿನಲ್ಲಿ ನೆನೆದು, ಚಳಿ ಹಿಡಿದು ಸಾಯುವುದುಂಟು. ಕೋಳಿಯ ಭಯ ಸುಳ್ಳಲ್ಲ.

ಮರುದಿನ ಆ ಹುಡುಗನನ್ನು ಕರೆದು, "ನಿಮ್ಮ ಮನೆಯ ಕೋಳಿಗೆ ನೀರು ಇಡುವವರು ಯಾರು?" ಎಂದು ಕೇಳಿದೆ. ಅವನು ತಲೆ ತಗ್ಗಿಸಿದ.