ಕಾರ್ಡಿನಿಂದ ದವಾಖಾನೆಯವರೆಗೆ: ಸಾಮರ್ಥ್ಯ ತತ್ತ್ವದ ಒಂದು ಪರಿಚಯ

ಬೆಳಗಾವಿಯ ಶಹಾಪುರದಲ್ಲಿ ಒಂದು ಬಡ ಕುಟುಂಬ, ಖಾನಾಪುರ ತಾಲ್ಲೂಕಿನ ಆಮಗಾಂವದಲ್ಲಿ ಇನ್ನೊಂದು. ಇಬ್ಬರ ಹತ್ತಿರವೂ ಬಿಪಿಎಲ್ ಕಾರ್ಡ್ ಇದೆ ಎಂದುಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಎರಡೂ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಕಡತದ ಪ್ರಕಾರ ಇಬ್ಬರೂ ಸಮಾನರು. ಜುಲೈ ತಿಂಗಳ ಒಂದು ರಾತ್ರಿ ಎರಡೂ ಮನೆಯಲ್ಲಿ ಯಾರಿಗೋ ಎದೆ ಹಿಡಿದುಕೊಂಡಿತು ಎನ್ನಿ. ಶಹಾಪುರದವರು ಆಟೊ ಹತ್ತಿ ಸಿವಿಲ್ ಹಾಸ್ಪಿಟಲ್ ಮುಟ್ಟುತ್ತಾರೆ. ಆಮಗಾಂವ ಇರುವುದು ಭೀಮಗಡ ಅಭಯಾರಣ್ಯದ ಒಳಗೆ. 2010ರಲ್ಲಿ ಅಲ್ಲಿ ಒಂದೇ ವರ್ಷಕ್ಕೆ 10,068 ಮಿಲಿಮೀಟರ್ ಮಳೆ ದಾಖಲಾಗಿತ್ತು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಗಾಡಿ ಹೋಗುವುದಿಲ್ಲ. 2024ರ ಜುಲೈಯಲ್ಲಿ ಇದೇ ಊರಿನ ಒಬ್ಬ ಮಹಿಳೆಯನ್ನು ಜನ ಕಟ್ಟಿಗೆಯ ಡೋಲಿ ಕಟ್ಟಿ, ಹೆಗಲು ಬದಲಾಯಿಸುತ್ತ, ಆಂಬುಲೆನ್ಸ್ ನಿಂತಿದ್ದ ರಸ್ತೆಯವರೆಗೆ ಕಾಡಿನ ದಾರಿಯಲ್ಲಿ ಹೊತ್ತು ತಂದ ಸುದ್ದಿ ರಾಜ್ಯವೆಲ್ಲ ಹರಡಿತ್ತು.

ಕಾರ್ಡ್ ಒಂದೇ, ಮೊತ್ತ ಒಂದೇ, ದವಾಖಾನೆಯೂ ಒಂದೇ ಆಗಿರಬಹುದು. ಆದರೂ ಇಬ್ಬರಿಗೂ ಸಿಕ್ಕಿದ್ದು ಒಂದೇ ಎನ್ನಲು ಮನಸ್ಸು ಒಪ್ಪುವುದಿಲ್ಲ. ಹಾಗೆ ಒಪ್ಪದಿರುವುದಕ್ಕೆ ಕಾರಣ ಕೊಡುವ ತತ್ತ್ವವೊಂದಿದೆ. ಅದರ ಹೆಸರು ಸಾಮರ್ಥ್ಯ ತತ್ತ್ವ.

1979ರ ಮೇ ತಿಂಗಳಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಒಂದು ಉಪನ್ಯಾಸ ಕೊಟ್ಟರು. ಅದರ ತಲೆಬರಹವೇ ಒಂದು ಪ್ರಶ್ನೆ: ಯಾವುದರ ಸಮಾನತೆ? ಸಮಾನತೆ ಬೇಡ ಎನ್ನುವವರು ಕಡಿಮೆ. ಜಗಳವಿರುವುದು ಯಾವುದನ್ನು ಸಮ ಮಾಡಬೇಕು ಎಂಬಲ್ಲಿ. ಆ ಹೊತ್ತಿಗೆ ಎರಡು ಉತ್ತರಗಳು ಬಲವಾಗಿದ್ದವು. ಉಪಯುಕ್ತತಾವಾದಿಗಳು ಸುಖವನ್ನು, ತೃಪ್ತಿಯನ್ನು ಅಳೆಯಿರಿ ಎನ್ನುತ್ತಿದ್ದರು. ತತ್ತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರ ತಮ್ಮ ನ್ಯಾಯಸಿದ್ಧಾಂತದಲ್ಲಿ ಹಕ್ಕು, ಸ್ವಾತಂತ್ರ್ಯ, ಅವಕಾಶ, ಆದಾಯ ಮುಂತಾದ, ಯಾವ ಬಾಳಿಗೂ ಬೇಕಾಗುವ ಮೂಲ ಸಾಮಗ್ರಿಗಳ ಹಂಚಿಕೆಯನ್ನು ನೋಡಿ ಎಂದಿದ್ದರು. ಸೇನರಿಗೆ ಎರಡೂ ಸಾಲಲಿಲ್ಲ. ಸಾಮಗ್ರಿ ಬದುಕಿಗೆ ಸಾಧನ, ಬದುಕೇ ಅಲ್ಲ. ತೃಪ್ತಿಯೂ ನಂಬಿಕಸ್ಥ ಅಳತೆಗೋಲಲ್ಲ. ಒಬ್ಬ ವ್ಯಕ್ತಿ ನಿಜವಾಗಿ ಏನು ಮಾಡಬಲ್ಲಳು, ಹೇಗೆ ಇರಬಲ್ಲಳು ಎಂಬುದನ್ನೇ ನೇರವಾಗಿ ಕೇಳಬೇಕು ಎಂದರು.

ಹೊಟ್ಟೆ ತುಂಬ ಉಣ್ಣುವುದು, ರೋಗವಿಲ್ಲದೆ ಇರುವುದು, ಹೆರಿಗೆಯಲ್ಲಿ ಜೀವ ಉಳಿಯುವುದು, ನಾಲ್ಕು ಜನರೆದುರು ನಾಚಿಕೆಯಿಲ್ಲದೆ ಓಡಾಡುವುದು, ಇವೆಲ್ಲ ಬದುಕಿನ ಸ್ಥಿತಿಗತಿಗಳು. ಇಂಥ ಸ್ಥಿತಿಗಳಲ್ಲಿ ತನಗೆ ಬೇಕಾದದ್ದನ್ನು ಆರಿಸಿಕೊಳ್ಳಲು ಒಬ್ಬರಿಗೆ ಇರುವ ನಿಜವಾದ ಸ್ವಾತಂತ್ರ್ಯವೇ ಸಾಮರ್ಥ್ಯ. ಏಕಾದಶಿಗೆ ಉಪವಾಸ ಇರುವವರ ಹೊಟ್ಟೆಯೂ ಖಾಲಿ, ಮನೆಯಲ್ಲಿ ಜೋಳ ಮುಗಿದವರ ಹೊಟ್ಟೆಯೂ ಖಾಲಿ. ಸ್ಥಿತಿ ಒಂದೇ, ಆದರೆ ಉಣ್ಣಬಹುದಾದ ಸಾಮರ್ಥ್ಯ ಒಬ್ಬರಿಗೆ ಇದೆ, ಇನ್ನೊಬ್ಬರಿಗೆ ಇಲ್ಲ. ಮುಂದೆ ತತ್ತ್ವಶಾಸ್ತ್ರಜ್ಞೆ ಮಾರ್ಥಾ ನುಸ್‌ಬಾಮ್ ಮನುಷ್ಯರಾಗಿ ಘನತೆಯಿಂದ ಬಾಳಲು ಬೇಕಾದ ಹತ್ತು ಮೂಲ ಸಾಮರ್ಥ್ಯಗಳನ್ನು ಪಟ್ಟಿ ಮಾಡಿದರು. ಆಯುಸ್ಸು ಮೊದಲನೆಯದು, ದೇಹಾರೋಗ್ಯ ಎರಡನೆಯದು.

ಈ ತತ್ತ್ವದ ಜೀವಾಳ ಪರಿವರ್ತನೆ ಎಂಬ ಕಲ್ಪನೆ. ಕೈಗೆ ಬಂದ ಸಾಧನ ಬದುಕಿನ ಸ್ಥಿತಿಯಾಗಿ ಬದಲಾಗಲು ಹಲವು ಸಂಗತಿಗಳು ಕೂಡಿ ಬರಬೇಕು. ಕೆಲವು ದೇಹಕ್ಕೆ ಸೇರಿದವು: ವಯಸ್ಸು, ಬಸಿರು, ಅಂಗವೈಕಲ್ಯ. ಕೆಲವು ಸಮಾಜಕ್ಕೆ ಸೇರಿದವು: ಜಾತಿ, ಭಾಷೆ, ಹೆಣ್ಣೊಬ್ಬಳೇ ಹೊರಡಬಹುದೇ ಎಂಬ ಕಟ್ಟುಪಾಡು, ಯಾವ ಕೆಲಸ ಯಾರು ಮಾಡಬಹುದು ಎಂಬ ಸರ್ಕಾರಿ ನಿಯಮ. ಇನ್ನು ಕೆಲವು ನೆಲಕ್ಕೆ ಸೇರಿದವು: ಕಾಡು, ಹಳ್ಳ, ಮಳೆ, ಕರೆಂಟು.

ಇದಕ್ಕೆ ಬೆಳಗಾವಿಯಲ್ಲೇ ಒಳ್ಳೆಯ ನಿದರ್ಶನವಿದೆ. ಹೆರಿಗೆಯ ನಂತರದ ರಕ್ತಸ್ರಾವ ಬಾಣಂತಿಯರ ಸಾವಿಗೆ ಬಹು ದೊಡ್ಡ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ಹೊಸದೇನಲ್ಲ, ದುಬಾರಿಯೂ ಅಲ್ಲ. ಆದರೆ ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ಬಲ್ಲವರಿರಬೇಕು, ಚುಚ್ಚುವ ಅಧಿಕಾರವೂ ಅವರಿಗಿರಬೇಕು. ಫ್ರಿಜ್ ಇಲ್ಲದ ಉಪಕೇಂದ್ರದಲ್ಲಿ, ಚಿಮಣಿ ಬೆಳಕಿನ ಮನೆಯಲ್ಲಿ ಹೆರಿಗೆ ಮಾಡಿಸುವ ಸಹಾಯಕ ದಾದಿ, ಅಂದರೆ ಎಎನ್‌ಎಂ ಸಿಸ್ಟರ್‌ಗೆ ಈ ಮೂರೂ ಒಟ್ಟಿಗೆ ಸಿಗುವುದು ಕಷ್ಟ. ಔಷಧ ಲೋಕದಲ್ಲಿದೆ, ಬಾಣಂತಿಯ ಮೈಗೆ ಬರುವುದಿಲ್ಲ.

1963ರಲ್ಲಿ ಶುರುವಾದ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ವಿದ್ವಾಂಸರೊಂದಿಗೆ ಸೇರಿ ಪ್ರಶ್ನೆಯನ್ನು ಬೇರೆ ರೀತಿ ಕೇಳಿದರು: ಫ್ರಿಜ್ಜೂ ಬೇಡದ, ಸೂಜಿಯೂ ಬೇಡದ ಮದ್ದು ಕೊಟ್ಟರೆ? 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರ್‌ವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳಲ್ಲಿ ಪರೀಕ್ಷೆ ನಡೆಯಿತು. ಸುಮಾರು ಅರ್ಧದಷ್ಟು ಬಾಣಂತಿಯರಿಗೆ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದವರಿಗೆ ಮದ್ದಿಲ್ಲದ ಗುಳಿಗೆ. ರಕ್ತವನ್ನು ಕಣ್ಣಂದಾಜಿನಲ್ಲಿ ಅಳೆದರೆ ಸಾಮಾನ್ಯವಾಗಿ ಕಡಿಮೆಯೇ ಕಾಣುತ್ತದೆ. ಅದಕ್ಕಾಗಿ ಬಾಣಂತಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿದರು. ಅದರ ತುದಿಯ ಚೀಲದ ಮೇಲೆ ಅಳತೆಯ ಗೆರೆಗಳಿದ್ದವು. ಎಷ್ಟು ರಕ್ತ ಹೋಯಿತು ಎಂಬುದನ್ನು ಸಿಸ್ಟರ್ ಓದಿ ಬರೆದುಕೊಳ್ಳಬಹುದಿತ್ತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ಪ್ರತಿ 18 ಬಾಣಂತಿಯರಿಗೆ ಗುಳಿಗೆ ಕೊಟ್ಟಾಗ ಒಬ್ಬಳ ಅತಿಸ್ರಾವ ತಪ್ಪಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಗುಳಿಗೆಯನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಮದ್ದಿಲ್ಲದ ಗುಳಿಗೆ ಕೊಟ್ಟದ್ದು ಸರಿಯೇ ಎಂಬ ನೈತಿಕ ಚರ್ಚೆ ಬೇರೆಯೇ ಇದೆ, ಇರಬೇಕಾದ್ದೇ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಆಸ್ಪತ್ರೆಯ ಫ್ರಿಜ್ಜಿನಲ್ಲಿಟ್ಟ ಇಂಜೆಕ್ಷನ್‌ಗಿಂತ ಸಿಸ್ಟರಿನ ಚೀಲದಲ್ಲಿದ್ದ ಗುಳಿಗೆ ಹಳ್ಳಿಯ ಬಾಣಂತಿಗೆ ಹೆಚ್ಚು ಸಾಮರ್ಥ್ಯ ಕೊಟ್ಟಿತು.

ಕಾರ್ಡುಗಳಿಗೂ ಇದೇ ಮಾತು. ಗಡಿಭಾಗವಾದ್ದರಿಂದ ಇಲ್ಲಿ ಅವುಗಳಿಗೆ ಪೈಪೋಟಿಯೂ ಇದೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತಾನು ಹಕ್ಕು ಹೂಡಿರುವ ಕರ್ನಾಟಕದ 865 ಊರುಗಳಿಗೆ ತನ್ನ ಜನಾರೋಗ್ಯ ಯೋಜನೆಯನ್ನು ಚಾಚಿತು, ಕರ್ನಾಟಕ ಆಕ್ಷೇಪಿಸಿತು. ಒಂದು ಮನೆಗೆ ಎರಡು ಸರ್ಕಾರಗಳ ಕಾರ್ಡ್ ಬಂದರೂ ಹಳ್ಳಕ್ಕೆ ಸೇತುವೆ ಬರುವುದಿಲ್ಲ. ಮನೆಯಲ್ಲಿ ಮರಾಠಿ, ಕೊಂಕಣಿ ಮಾತಾಡುವ ಹೆಂಗಸು ತನ್ನ ನೋವನ್ನು ಕನ್ನಡದ ಡಾಕ್ಟರಿಗೆ ತಿಳಿಸಿ ಹೇಳಲು ಯಾವ ಕಾರ್ಡೂ ನೆರವಾಗುವುದಿಲ್ಲ.

ಹಾಗಾದರೆ ಜನರನ್ನೇ ಕೇಳಿದರಾಗದೇ, ನಿಮಗೆ ತೃಪ್ತಿಯಿದೆಯೇ ಎಂದು? ಸೇನರ ಎರಡನೆಯ ತಕರಾರು ಇಲ್ಲಿದೆ. ಬಂಗಾಳದ ಬರಗಾಲ ಮುಗಿದ ಮೇಲೆ, 1944ರಲ್ಲಿ, ಕಲ್ಕತ್ತೆಯ ಬಳಿ ಸಿಂಗೂರಿನಲ್ಲಿ ಆರೋಗ್ಯ ಸಮೀಕ್ಷೆಯೊಂದು ನಡೆದಿತ್ತು. ಹೆಂಡತಿ ತೀರಿಹೋದ ಗಂಡಸರಲ್ಲಿ ಶೇ 48.5ರಷ್ಟು ಜನ ತಮ್ಮ ಆರೋಗ್ಯ ಸರಿಯಿಲ್ಲ ಎಂದರು. ವಿಧವೆಯರಲ್ಲಿ ಹಾಗೆಂದವರು ಶೇ 2.5 ಮಾತ್ರ. ವಿಧವೆಯರು ಗಟ್ಟಿಮುಟ್ಟಾಗಿದ್ದರು ಎಂದು ಇದರ ಅರ್ಥವಲ್ಲ. ಹೇಳಿಕೊಂಡು ಪ್ರಯೋಜನವಿಲ್ಲದ ನೋವನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬೆಳಗಾವಿ ಸೀಮೆಯ ಯಾವ ಮನೆಯಲ್ಲಾದರೂ ಆಶಾ ಕಾರ್ಯಕರ್ತೆ ಹೋಗಿ ಕೇಳಿದರೆ ಸೊಂಟ ಹಿಡಿದುಕೊಂಡೇ ಎದ್ದು ಬಂದ ಹೆಣ್ಣುಮಗಳು “ಆರಾಮ ಅದೀನ್ರೀ ಅಕ್ಕಾರ, ಏನಾಗೇತಿ ನನಗ” ಎನ್ನುತ್ತಾಳೆ. ಬದುಕು ಎಷ್ಟು ಕೊಡುತ್ತದೋ ಅಷ್ಟಕ್ಕೇ ಬಯಕೆಯನ್ನು ಕುಗ್ಗಿಸಿಕೊಳ್ಳುವುದನ್ನು ತತ್ತ್ವಶಾಸ್ತ್ರಜ್ಞರು ಹೊಂದಿಕೊಂಡ ಬಯಕೆ ಎನ್ನುತ್ತಾರೆ. ಬೆಂಗಳೂರಿನ ಐಐಎಂನಲ್ಲಿದ್ದ ಗೀತಾ ಸೇನ್ ಮತ್ತು ಅದಿತಿ ಅಯ್ಯರ್ ಕೊಪ್ಪಳ ಜಿಲ್ಲೆಯಲ್ಲಿ ನಡೆಸಿದ ಅಧ್ಯಯನಗಳು ಇದರ ಇನ್ನೊಂದು ಮುಖ ತೋರಿಸಿದವು. ದುಡ್ಡು ಸಾಲದ ಮನೆಯಲ್ಲಿ ಎಲ್ಲರ ಚಿಕಿತ್ಸೆಯೂ ಒಂದೇ ಸಮ ನಿಲ್ಲುವುದಿಲ್ಲ, ಬಡ ಹೆಂಗಸರದು ಮೊದಲು ನಿಲ್ಲುತ್ತದೆ. ಮನೆಯನ್ನು ಒಂದು ಘಟಕವಾಗಿ ಎಣಿಸುವ ಯೋಜನೆಗೆ ಈ ಒಳಗಿನ ಅಸಮಾನತೆ ಕಾಣುವುದೇ ಇಲ್ಲ.

ಇಷ್ಟಾದರೂ ತತ್ತ್ವದಲ್ಲಿ ಒಂದು ತೆರವು ಉಳಿಯುತ್ತದೆ. ಸಾಧನ ಸಾಮರ್ಥ್ಯವಾಗಿ ಬದಲಾಗುತ್ತದೆ ಎನ್ನುತ್ತೇವೆ, ಬದಲಾಯಿಸುವವರು ಯಾರು? ಗುಳಿಗೆ ತಾನಾಗಿ ಬಾಣಂತಿಯ ಬಾಯಿಗೆ ಬೀಳಲಿಲ್ಲ. ಆ 1,620 ಹೆರಿಗೆಗಳನ್ನು ಮಾಡಿಸಿದವರು 25 ಎಎನ್‌ಎಂಗಳು, ಒಬ್ಬೊಬ್ಬರ ಪಾಲಿಗೆ ಸರಾಸರಿ 65 ಹೆರಿಗೆ. ಕಾಡಿನ ದಾರಿಯಲ್ಲಿ ಡೋಲಿಗೆ ಹೆಗಲು ಕೊಟ್ಟವರಿದ್ದರು. ಆಸ್ಪತ್ರೆಯಿಂದ ಮರಳಿದ ಮುದುಕಿಗೆ ಹೊತ್ತಿಗೆ ಸರಿಯಾಗಿ ಗಂಜಿ, ಗುಳಿಗೆ ಕೊಡಲು ಸೊಸೆ ಕೂಲಿ ಬಿಟ್ಟು ಮನೆಯಲ್ಲಿ ಕೂರುತ್ತಾಳೆ. ಒಬ್ಬರ ಸಾಮರ್ಥ್ಯದ ಹಿಂದೆ ಇನ್ನೊಬ್ಬರ ದುಡಿಮೆ ಇರುತ್ತದೆ.

ಅಮೆರಿಕದ ತತ್ತ್ವಶಾಸ್ತ್ರಜ್ಞೆ ಇವಾ ಕಿಟ್ಟೇ 1999ರ ತಮ್ಮ ಪುಸ್ತಕದಲ್ಲಿ ಈ ದುಡಿಮೆಯನ್ನೇ ನ್ಯಾಯದ ಪ್ರಶ್ನೆಯಾಗಿ ಎತ್ತಿದರು. ಅವರ ಮಗಳಿಗೆ ತೀವ್ರ ಬೌದ್ಧಿಕ ವೈಕಲ್ಯವಿದೆ, ಬದುಕಿನುದ್ದಕ್ಕೂ ಯಾರಾದರೂ ನೋಡಿಕೊಳ್ಳಲೇಬೇಕು. ರಾಲ್ಸರ ಸಮಾಜದಲ್ಲಿ ಎಲ್ಲರೂ ಬದುಕಿಡೀ ದುಡಿದು ಕೊಟ್ಟು ತೆಗೆದುಕೊಳ್ಳುವ ವಯಸ್ಕರು. ಕೂಸು, ಹಾಸಿಗೆ ಹಿಡಿದವರು ಅಲ್ಲಿ ಆಮೇಲಿನ ಮಾತು. ನಾವೆಲ್ಲರೂ ಕೂಸಾಗಿಯೇ ಶುರುವಾದವರು, ಬಹಳಷ್ಟು ಜನ ಹಾಸಿಗೆಯಲ್ಲೇ ಮುಗಿಯುವವರು, ಹಾಗಾಗಿ ಅವಲಂಬನೆ ಅಪವಾದವಲ್ಲ ಎಂದರು ಕಿಟ್ಟೇ. ಆರೈಕೆ ಮಾಡುವವರು ಬೇರೊಬ್ಬರಿಗಾಗಿ ತಮ್ಮ ಹೊತ್ತು, ಕೂಲಿ, ನಿದ್ದೆ ಬಿಡುತ್ತಾರೆ. ಅವರನ್ನು ಆಗ ಆಧರಿಸುವುದು ಸಮಾಜದ ಹೊಣೆ, ದಯೆ ಅಲ್ಲ.

ಭಾರತದಲ್ಲಿ ಈ ಹೊರೆ ಯಾರ ತಲೆಯ ಮೇಲಿದೆ ಎಂಬುದಕ್ಕೆ 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಸಾಕು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ, ತೊಡಗುವ ಗಂಡಸರು 88 ನಿಮಿಷ. ಮನೆಯವರ ಆರೈಕೆಗೆ ಹೆಂಗಸರು 137 ನಿಮಿಷ, ಗಂಡಸರು 75. ಸಾರ್ವಜನಿಕ ವ್ಯವಸ್ಥೆಯೂ ಮನೆಯನ್ನೇ ಅನುಕರಿಸಿದೆ. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾ ಕಾರ್ಯಕರ್ತೆಯರು ದಾಖಲೆಯಲ್ಲಿ ಸ್ವಯಂಸೇವಕಿಯರು, ಅವರಿಗೆ ಸಿಗುವುದು ಪ್ರೋತ್ಸಾಹಧನ, ಸಂಬಳವಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅದೇ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಮಲಗಿ, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಕೂಡಿದಾಗ ಸುವರ್ಣ ಸೌಧದ ಹತ್ತಿರ ಟೆಂಟ್ ಹಾಕುವವರಲ್ಲಿ ಆರೈಕೆಯ ಕೆಲಸದ ಹೆಣ್ಣುಮಕ್ಕಳು ಇದ್ದೇ ಇರುತ್ತಾರೆ. ತನ್ನ ಸ್ಕ್ಯಾನಿಂಗ್‌ಗೆ ರಜೆ ಹಾಕಲಾಗದ ಆಶಾ, ಊರಿನ ಎಲ್ಲ ಬಸುರಿಯರನ್ನೂ ಸ್ಕ್ಯಾನಿಂಗ್‌ಗೆ ಕರೆದೊಯ್ಯಬೇಕು ಎನ್ನುವ ವ್ಯವಸ್ಥೆ ಒಬ್ಬಳ ಸಾಮರ್ಥ್ಯವನ್ನು ಕರಗಿಸಿ ಇನ್ನೊಬ್ಬಳಿಗೆ ಎರೆಯುತ್ತಿದೆ.

ಸಾಮರ್ಥ್ಯ ಎಂದರೆ ಸ್ವಾತಂತ್ರ್ಯ ಎಂದೆವು. ಭೀಮಗಡದ ಊರುಗಳಲ್ಲಿ ಈಗ ಅದೇ ಮಾತು ಪರೀಕ್ಷೆಗೆ ಬಿದ್ದಿದೆ. ಕಾಡು ಬಿಟ್ಟು ಬರಲು ಒಪ್ಪುವ ಕುಟುಂಬಕ್ಕೆ 15 ಲಕ್ಷ ರೂಪಾಯಿ ಎಂದು ಸರ್ಕಾರ ಹೇಳಿತು, 2025ರಲ್ಲಿ ಅಲ್ಲಿನ ತಳೇವಾಡಿ ಊರಿನ ಕುಟುಂಬಗಳು ಒಪ್ಪಿದವು. ಒಪ್ಪಿಗೆ ಕೊಟ್ಟವರ ತಿಳಿವಳಿಕೆಯನ್ನು ಅನುಮಾನಿಸಬೇಕಿಲ್ಲ. ಮಕ್ಕಳ ಶಾಲೆ, ದವಾಖಾನೆ, ಬಸ್ಸು ಎಲ್ಲವನ್ನೂ ತೂಗಿಯೇ ಅವರು ನಿರ್ಧರಿಸಿದ್ದಾರು. ತತ್ತ್ವ ಕೇಳುವ ಪ್ರಶ್ನೆ ಅವರಿಗಲ್ಲ, ನಮಗೆ: ಆಯ್ಕೆಯ ಎರಡು ಕಡೆ ಏನೇನಿತ್ತು? ಒಂದು ಕಡೆ ದವಾಖಾನೆಯಿಲ್ಲದ ತಮ್ಮ ನೆಲ, ಇನ್ನೊಂದು ಕಡೆ ತಮ್ಮ ನೆಲವಿಲ್ಲದ ದವಾಖಾನೆ. ಎರಡರಲ್ಲಿ ಒಂದನ್ನು ಬಿಡಲೇಬೇಕಾದವರ ಒಪ್ಪಿಗೆ, ಎರಡೂ ಇದ್ದು ಆರಿಸಿಕೊಂಡವರ ಒಪ್ಪಿಗೆಗೆ ಸಮನಲ್ಲ. ಕಾಡನ್ನು ಉಳಿಸುವ ಕಾರಣ ಎಷ್ಟೇ ಗಟ್ಟಿಯಾಗಿದ್ದರೂ ಈ ವ್ಯತ್ಯಾಸ ಅಳಿಸುವುದಿಲ್ಲ.

ಈ ತತ್ತ್ವಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಯಾವ ಸಾಮರ್ಥ್ಯಗಳು ಮುಖ್ಯ ಎಂದು ನಿರ್ಧರಿಸುವವರು ಯಾರು? ನುಸ್‌ಬಾಮ್ ಪಟ್ಟಿ ಕೊಟ್ಟರೆ, ಅಮರ್ತ್ಯ ಸೇನ್ ಪಟ್ಟಿ ಕೊಡಲು ಒಪ್ಪಲಿಲ್ಲ. ಅದನ್ನು ಆಯಾ ಸಮಾಜ ಬಹಿರಂಗ ಚರ್ಚೆಯಲ್ಲಿ ಕಂಡುಕೊಳ್ಳಬೇಕು ಎಂಬುದು ಅವರ ನಿಲುವು. ಚರ್ಚೆಗೆ ಬರಲು ಬಿಡುವಿಲ್ಲದವರ ಗತಿಯೇನು ಎಂಬುದು ಅದಕ್ಕೆ ಮರುಪ್ರಶ್ನೆ. ಇನ್ನೊಂದು ಆಕ್ಷೇಪ ಅಳತೆಯದು. ಹಣವನ್ನು ಎಣಿಸಬಹುದು, ಸ್ವಾತಂತ್ರ್ಯವನ್ನು ಎಣಿಸುವುದು ಹೇಗೆ? ಪೂರ್ತಿ ಎಣಿಸಲಾಗದು, ನಿಜ. ಹಾಗೆಂದು ಎಣಿಸಲು ಸುಲಭವಾದದ್ದನ್ನೇ ಮುಖ್ಯವೆಂದು ತಿಳಿದರೆ ಅದು ಅಳತೆಗೆ ತಕ್ಕಂತೆ ಬದುಕನ್ನು ಕತ್ತರಿಸಿದ ಹಾಗೆ.

ಅಳತೆ ಸುಧಾರಿಸಲು ದಾರಿಗಳಿವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿ ಆಗಿದ್ದವು. 2005–06ರಲ್ಲಿ ಇದು ಶೇ 65ರ ಆಸುಪಾಸಿನಲ್ಲಿತ್ತು. ದೊಡ್ಡ ಸಾಧನೆಯೇ. ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ತಾಲ್ಲೂಕಿನ ಕೆಡಿಪಿ ಸಭೆಯಲ್ಲಿ ಇಂಥ ಅಂಕಿಗಳನ್ನು ಗುರಿ ಮತ್ತು ಸಾಧನೆ ಎಂಬ ಎರಡು ಕಾಲಮಿನಲ್ಲಿ ಓದಿ ಮುಗಿಸುತ್ತಾರೆ. ಸಾಮರ್ಥ್ಯ ತತ್ತ್ವವನ್ನು ಒಪ್ಪಿದ ಆರೋಗ್ಯಾಧಿಕಾರಿ ಅಲ್ಲಿ ಇನ್ನೆರಡು ಕಾಲಮು ಹಾಕಿಸುತ್ತಾರೆ. ನೋವು ಶುರುವಾದ ಮೇಲೆ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಒಂದು. ಜೊತೆಗೆ ಬಂದವರು ಯಾರು, ಅವರ ಅಂದಿನ ಕೂಲಿಯನ್ನು ಯಾರು ಕೊಟ್ಟರು ಎಂಬುದು ಇನ್ನೊಂದು. ಮೊದಲನೆಯದನ್ನು ಆಂಬುಲೆನ್ಸಿನ ದಾಖಲೆಯಿಂದ ಇಂದೇ ಬಹುಮಟ್ಟಿಗೆ ತುಂಬಬಹುದು. ಎರಡನೆಯದು ಬಹುಪಾಲು ಖಾಲಿ ಇರುತ್ತದೆ, ಅದನ್ನು ತುಂಬಲು ಬಜೆಟ್ಟು ಬೇಕು.