ಹೆಸರಿನಲ್ಲಿ ಉಳಿದ ಕಸುಬು
ಸ್ಮಿತ್ ಎಂದರೆ ಕಮ್ಮಾರ; ಆದರೆ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಕುಲುಮೆಯ ಮುಂದೆ ಕೂತವರಲ್ಲ. ಅವರ ತಂದೆ ಸ್ಕಾಟ್ಲೆಂಡಿನ ಕರ್ಕಾಲ್ಡಿಯಲ್ಲಿ ಸುಂಕದ ಅಧಿಕಾರಿ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ದಿನಸಿ ವ್ಯಾಪಾರಿಯ ಮಗಳು. ಥ್ಯಾಚರ್ ಎಂಬ, ಸೂರಿಗೆ ಹುಲ್ಲು ಹೊದಿಸುವವರ ಹೆಸರು ಅವರಿಗೆ ಬಂದದ್ದು ಗಂಡನ ಕಡೆಯಿಂದ. ಹಾಗಾದರೆ ಕಸುಬಿನ ಅಡ್ಡಹೆಸರಿಗೆ ಅರ್ಥವಿದೆಯೇ? ಅಂಕಿತನಾಮ ವ್ಯಕ್ತಿಯನ್ನು ತೋರಿಸುತ್ತದೆ, ಗುಣವನ್ನು ಹೇಳುವುದಿಲ್ಲ ಎಂದು ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1843ರಲ್ಲೇ ವಾದಿಸಿದ್ದರು.

ಹೆಸರು ಬರೀ ಗುರುತಾದರೆ ಇತಿಹಾಸಕಾರರು ಅದರಲ್ಲಿ ಹಳೆಯ ಕಸುಬುಗಳನ್ನು ಓದುವುದು ಹೇಗೆ ಎಂದು ಕೇಳಬಹುದು. ಉಣ್ಣೆಬಟ್ಟೆಯನ್ನು ತುಳಿದು ಗಟ್ಟಿ ಮಾಡುವವನೇ ಇಂಗ್ಲೆಂಡಿನ ಒಂದು ಸೀಮೆಯಲ್ಲಿ ಫುಲ್ಲರ್, ಇನ್ನೊಂದರಲ್ಲಿ ವಾಕರ್, ಮತ್ತೊಂದರಲ್ಲಿ ಟಕರ್. ನಿಜ; ಆದರೆ ಅದು ಮೂಲಪುರುಷನ ಕುರಿತ ಸಾಕ್ಷ್ಯ, ಇಂದಿನವನ ವರ್ಣನೆಯಲ್ಲ. ಹೆಸರು ಹಿಂದಿನದಕ್ಕೆ ಸಾಕ್ಷಿ ಹೇಳಲಿ. ಹುಟ್ಟಿದವರು ಏನಾಗಬೇಕೆಂದು ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ.